ಒಂದು ಚಮಚ ಪಾಚಿ

ಜನವರಿ 4, ಗುರುವಾರ

ಮಾವನ ರಕ್ತವನ್ನು ನಾನೇ ತೆಗೆದು ನಾನೇ ಮೆಷಿನ್ನಿಗೆ ಹಾಕಿದೆ. ಕಿಡ್ನಿ ಕೆಟ್ಟಷ್ಟೂ ಏರುವ ಕ್ರಿಯಾಟಿನಿನ್, ಒಂದರ ಆಸುಪಾಸು ಇರಬೇಕಾದ್ದು, 4.9. ನಂಬಲಾಗದೆ ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು. ಬಸ್ ಸ್ಟ್ಯಾಂಡ್ ಪಕ್ಕದ ಈ ಲ್ಯಾಬಿನಲ್ಲಿ ನನ್ನದು ಹದಿನೇಳು ವರ್ಷದ ಕೆಲಸ. ಮುಳಬಾಗಿಲಿನ ಅರ್ಧ ಜನದ ಸಕ್ಕರೆ ಕಾಯಿಲೆ ಅವರಿಗಿಂತ ಮುಂಚೆ ನನಗೆ ತಿಳಿಯುತ್ತದೆ. ರಿಪೋರ್ಟಿನ ಕೆಳಗೆ ಸಹಿ ಹಾಕಲು ಕೈ ತಡೆದದ್ದು ಇವತ್ತೇ.

ಮಧ್ಯಾಹ್ನ ಇವರು ಡಿಪೋದಲ್ಲಿ ಅರ್ಧ ದಿನ ರಜೆ ಹಾಕಿ ಬಂದರು. ಮೂವರೂ ಕೋಲಾರಕ್ಕೆ ಹೋದೆವು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಎರಡು ಕಿಡ್ನಿಯೂ ಸೇರಿ ನೂರಕ್ಕೆ ಹನ್ನೆರಡರಷ್ಟು ಕೆಲಸ ಮಾಡುತ್ತಿವೆಯಂತೆ. ಕೆಲವು ತಿಂಗಳಲ್ಲಿ ಡಯಾಲಿಸಿಸ್ ಬೇಕೇ ಬೇಕು. ಅದಕ್ಕೆ ಮೊದಲು ಎಡಗೈಯಲ್ಲಿ ಸಣ್ಣ ಆಪರೇಷನ್ ಮಾಡಿ ಎರಡು ನರ ಜೋಡಿಸಿ ಫಿಸ್ಟುಲಾ ಹಾಕಬೇಕು, ಡಯಾಲಿಸಿಸ್ ಸೂಜಿ ಚುಚ್ಚುವಷ್ಟು ನರ ದಪ್ಪವಾಗಲು ಎರಡು ತಿಂಗಳು ಹಿಡಿಯುತ್ತದೆ. ಫೆಬ್ರವರಿ 26ಕ್ಕೆ ದಿನ ಕೊಟ್ಟರು.

"ಆ ಮಿಷಿನ್ನಿಗೆ ಹಾಕಿದ್ರೆ ಸಾಯೋಗಂಟ ಬಿಡಂಗಿಲ್ವಾ ಸಾರ್?" ಎಂದು ಮಾವ ಕೇಳಿದರು.

"ಬಿಟ್ರೆ ಸಾಯ್ತೀರಿ" ಎಂದರು ಡಾಕ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಉದ್ದಕ್ಕೂ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಸವರುತ್ತಿದ್ದರು. ತಾಯಲೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಹುಳಕ್ಕೆಂದು ಹಿಪ್ಪುನೇರಳೆ ಕಡ್ಡಿಯನ್ನು ಬಗ್ಗಿಸಿ ಹಿಡಿದ ಕೈ ಅದು.

ಜನವರಿ 7, ಭಾನುವಾರ

ನಾದಿನಿ ಶ್ರೀವಾಣಿ ಶ್ರೀನಿವಾಸಪುರದಿಂದ ಬಂದಳು. ಸುದ್ದಿ ಕೇಳಿದಾಗ ಫೋನಿನಲ್ಲಿ ಅತ್ತಿದ್ದವಳು ಇವತ್ತು ಅಳಲಿಲ್ಲ. ಚೀಲದಿಂದ ಒಂದು ದೊಡ್ಡ ಡಬ್ಬ ತೆಗೆದಳು. ಹೋದ ವರ್ಷದವರೆಗೆ ಬ್ಲೌಸ್ ಹೊಲಿಯುತ್ತಿದ್ದವಳು ಈಗ ಯಾವುದೋ ಕಂಪನಿಯ ಪುಡಿಗಳನ್ನು ಮನೆಮನೆಗೆ ಮಾರುತ್ತಾಳೆ. ತಿಂಗಳಿಗೊಂದು ಮೀಟಿಂಗು, ಕೊರಳಲ್ಲಿ ಬ್ಯಾಡ್ಜು. ಅಲ್ಲಿ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಾರಂತೆ.

"ಸ್ಪಿರುಲಿನಾ ಅತ್ತಿಗೆ. ಸೂಪರ್ ಫುಡ್ಡು. ದಿನಾ ಬೆಳಿಗ್ಗೆ ಒಂದು ಚಮಚ. ಕಿಡ್ನಿ ಒಳಗಿರೋ ಕಸ ಎಲ್ಲಾ ತೊಳ್ದಾಕುತ್ತೆ."

"ಯಾರು ಹೇಳಿದ್ದು?"

"ಮೀಟಿಂಗಲ್ಲಿ ಸಾರು ಹೇಳಿದ್ರು. ಆಪರೇಷನ್ ಇಲ್ದೆ ವಾಸಿ ಆದೋರನ್ನ ಸ್ಟೇಜ್ ಮೇಲೆ ಕರ್ಸಿದ್ರು."

ಮುಚ್ಚಳ ತೆಗೆದೆ. ಬೇಸಿಗೆಯಲ್ಲಿ ಕೆರೆ ಬತ್ತುವಾಗ ಏಳುವ ವಾಸನೆ, ಅದರ ಜೊತೆ ಒದ್ದೆ ಗೋಣಿಚೀಲದ ವಾಸನೆ. ಮಾವ ಬಗ್ಗಿ ನೋಡಿದರು.

"ಏನೇ ಇದು, ಪಾಚಿ ಅಲ್ವಾ? ಕೆರೆ ಮೆಟ್ಲು ಮೇಲೆ ಕಟ್ಕೊಳ್ಳುತ್ತಲ್ಲ, ಕಾಲಿಟ್ರೆ ಜಾರ್ತದಲ್ಲ, ಅದು?"

"ಪಾಚೀನೇ ಅಪ್ಪ. ಆದ್ರೆ ಒಳ್ಳೇ ಪಾಚಿ."

ಎಲ್ಲರೂ ನಕ್ಕೆವು. ಮಾವ ಒಂದು ಲೋಟ ನೀರಿಗೆ ಕದಡಿಸಿಕೊಂಡು ಮೂಗು ಹಿಡಿದು ಕುಡಿದರು. ಕುಡಿದ ಮೇಲೆ ತುಟಿ, ಹಲ್ಲು ಎಲ್ಲ ಕಡುಹಸಿರು. ಬಾಯಿಗೆ ಬೆಲ್ಲ ಕೊಡಲು ಹೋದೆ. ಸಿಹಿ ತಿಂದರೆ ಗುಣ ಹೋಗುತ್ತದೆ ಎಂದು ಶ್ರೀವಾಣಿ ಕೈ ಅಡ್ಡ ಹಿಡಿದಳು.

ಏಳನೇ ಕ್ಲಾಸಿನ ವಿಜ್ಞಾನವಾದರೂ ತಲೆಯಲ್ಲಿದ್ದರೆ ಈ ಹುಡುಗಿ ಹೀಗೆ ಮಾತಾಡುತ್ತಿರಲಿಲ್ಲ.

ಜನವರಿ 12, ಶುಕ್ರವಾರ

ನಾನೂ ಅರ್ಧ ಚಮಚ ಬಾಯಿಗೆ ಹಾಕಿಕೊಂಡು ನೋಡಿದೆ. ನುಂಗಲು ಆಗಲಿಲ್ಲ. ಸಿಂಕಿಗೆ ಉಗುಳಿ ಮೂರು ಸಲ ಬಾಯಿ ಮುಕ್ಕಳಿಸಿದರೂ ಮಧ್ಯಾಹ್ನದವರೆಗೆ ಬಾಯಲ್ಲಿ ಅದೇ ವಾಸನೆ. ಮಾವ ಮಾತ್ರ ದಿನ ತಪ್ಪಿಸುತ್ತಿಲ್ಲ. ಕುಡಿದು, ಕಣ್ಣಲ್ಲಿ ಬಂದ ನೀರನ್ನು ಟವೆಲಿನಲ್ಲಿ ಒರೆಸಿಕೊಂಡು, "ಆಯ್ತು, ಇವತ್ತಿಂದು ಮುಗೀತು" ಅನ್ನುತ್ತಾರೆ.

ಜನವರಿ 23, ಮಂಗಳವಾರ

ಕ್ರಿಯಾಟಿನಿನ್ 5.6. ಪೊಟ್ಯಾಷಿಯಂ 5.8, ಐದು ದಾಟಬಾರದು. ಹೊಸದಾಗಿ ಸೇರಿದ್ದು ಆ ಪುಡಿಯೊಂದೇ. ಡಾಕ್ಟರಿಗೆ ಫೋನ್ ಮಾಡಿದೆ. "ಯಾವ ಪುಡಿಯೂ ಬೇಡ, ಇವತ್ತೇ ನಿಲ್ಲಿಸಿ. ಪೊಟ್ಯಾಷಿಯಂ ಇನ್ನೂ ಏರಿದ್ರೆ ಹೃದಯಕ್ಕೆ ತೊಂದರೆ" ಎಂದರು.

ಇವರಿಗೆ ಹೇಳಿದೆ. "ನೀನೇ ಹೇಳು ರಜನಿ, ನಿಂಗಾದ್ರೆ ಅದೆಲ್ಲಾ ಗೊತ್ತು" ಎಂದು ಬನಿಯನ್ ಹಿಂಡುತ್ತಾ ಬಚ್ಚಲಿನಿಂದಲೇ ಹೇಳಿದರು. ಶ್ರೀವಾಣಿಗೆ ಫೋನ್ ಮಾಡಿದೆ. "ಮೊದಲು ಸ್ವಲ್ಪ ಏರುತ್ತೆ ಅತ್ತಿಗೆ, ಆಮೇಲೆ ಇಳಿಯುತ್ತೆ, ಕೆಟ್ಟದ್ದು ಹೊರಗೆ ಬರೋವಾಗ ಹಂಗೇ" ಎಂದಳು. ಕೊನೆಗೆ ಅತ್ತಳು. ಅಪ್ಪ ಬದುಕುವುದು ನಿಮಗೆ ಬೇಕಿಲ್ಲ ಎಂಬ ಮಾತೂ ಬಂತು.

ಸಂಜೆ ಮಾವನ ಹತ್ತಿರ ಕೂತು ರಿಪೋರ್ಟು ತೋರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮಾ. ವಾಣಿ ಒಂಬತ್ತನೇ ಕ್ಲಾಸಲ್ಲಿ ಫಸ್ಟು ಬಂದ್ಲು. ಆ ವರ್ಷ ಹುಳ ಜಾಸ್ತಿ ಇಟ್ಟಿದ್ದೆ, ಸೊಪ್ಪು ಕೊಯ್ಯೋಕೆ ಆಳಿಲ್ಲ. ಸ್ಕೂಲು ಬಿಡಿಸ್ದೆ. ಅವ್ಳ ಮೇಷ್ಟ್ರು ಮನೆಗಂಟ ಬಂದು ಕೇಳಿದ್ರೂ ಬಿಡಿಸ್ದೆ. ಇಷ್ಟು ವರ್ಷಕ್ಕೆ ಅವ್ಳು ನಂಗೆ ಒಂದು ತಂದ್ಕೊಟ್ಟವ್ಳೆ. ಬೇಡ ಅನ್ನಾಕೆ ಬಾಯಿ ಬರಲ್ಲ."

ರಿಪೋರ್ಟನ್ನು ಮಡಿಸಿಕೊಂಡು ಎದ್ದೆ.

ಜನವರಿ 29, ಸೋಮವಾರ

ಮಾಡಿಬಿಟ್ಟೆ.

ಅಕ್ಕಿ ಹಿಟ್ಟು, ಹುರಿದು ಪುಡಿ ಮಾಡಿದ ಮೆಂತ್ಯ, ಕೇಕಿಗೆ ಹಾಕುವ ಹಸಿರು ಬಣ್ಣ. ವಾಸನೆಗೆಂದು ಅಸಲಿ ಪುಡಿಯಿಂದ ಒಂದೇ ಒಂದು ಚಿಟಿಕೆ. ಅವಳ ಡಬ್ಬಕ್ಕೇ ತುಂಬಿಸಿಟ್ಟೆ. ಅಸಲಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ. ಯಾಕೆ ಚೆಲ್ಲಲಿಲ್ಲವೋ ಗೊತ್ತಿಲ್ಲ.

ಮಾವ ಕುಡಿದರು. ಮುಖ ಹಿಂಡಿದರು. "ಇವತ್ತು ಕಹಿ ಜಾಸ್ತಿ" ಎಂದರು. ನಾನು ಡಬ್ಬದ ಮುಚ್ಚಳ ಬಿಗಿ ಮಾಡಿದೆ. "ಹಂಗಾದ್ರೆ ಒಳ್ಳೇದೇ" ಎಂದು ಲೋಟ ಕೆಳಗಿಟ್ಟರು.

ಇದರಿಂದ ಯಾರಿಗೂ ನಷ್ಟವಿಲ್ಲ. ಮಾವನಿಗೆ ಮಗಳ ಪುಡಿ, ಮಗಳಿಗೆ ಅಪ್ಪ ಕುಡಿದ ಸಮಾಧಾನ, ಕಿಡ್ನಿಗೆ ವಿಶ್ರಾಂತಿ.

ಫೆಬ್ರವರಿ 8, ಗುರುವಾರ

ಎಲ್ಲ ಸರಿಯಾಗಿ ನಡೆಯುತ್ತಿದೆ. ಬಣ್ಣ ಸ್ವಲ್ಪ ಎದ್ದು ಕಾಣುತ್ತಿತ್ತು, ಕರಿಬೇವಿನ ಪುಡಿ ಒಂದಿಷ್ಟು ಸೇರಿಸಿ ಸರಿ ಮಾಡಿದೆ.

ಫೆಬ್ರವರಿ 20, ಮಂಗಳವಾರ

ಕ್ರಿಯಾಟಿನಿನ್ 4.6. ಪೊಟ್ಯಾಷಿಯಂ 4.7. ಪುಡಿ ನಿಂತದ್ದಕ್ಕೆ ಇಳಿದಿದೆ, ಅಷ್ಟೇ. ಜನವರಿ ಮೊದಲ ವಾರದಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲಿಗೆ ಬಂದಿದೆ. ಕಿಡ್ನಿ ವಾಸಿಯಾದದ್ದಲ್ಲ. ಹೀಗೆಂದು ಮಾವನಿಗೆ ಬಿಡಿಸಿ ಹೇಳಲು ನೋಡಿದೆ. ಏನೆಂದು ಹೇಳುವುದು? ಯಾವ ಪುಡಿ ನಿಂತದ್ದಕ್ಕೆ ಎಂದು ಹೇಳುವುದು?

ಮಾವ ರಿಪೋರ್ಟನ್ನು ದೇವರ ಮನೆಯಲ್ಲಿಟ್ಟರು. ತಾವೇ ಶ್ರೀವಾಣಿಗೆ ಫೋನ್ ಮಾಡಿ, "ಇಳೀತು ಕಣೇ! ನಿನ್ ಪಾಚಿ ಗೆಲ್ತು!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಈ ಮನೆಗೆ ಬಂದ ಹದಿನಾರು ವರ್ಷದಲ್ಲಿ ಮಾವನ ಅಂಥ ದನಿಯನ್ನು ನಾನು ಕೇಳಿರಲಿಲ್ಲ.

ಫೆಬ್ರವರಿ 25, ಭಾನುವಾರ

ಶ್ರೀವಾಣಿ ಮೈಸೂರ್ ಪಾಕ್ ತಂದಿದ್ದಳು. ನನ್ನನ್ನು ತಬ್ಬಿಕೊಂಡು, "ಅವತ್ತು ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡಿ ಅತ್ತಿಗೆ. ನೀವು ದಿನಾ ತಪ್ಪದೆ ಕೊಟ್ಟಿದ್ದಕ್ಕೇ ಇದಾಗಿದ್ದು" ಎಂದಳು. ಜನವರಿಯ ರಿಪೋರ್ಟು, ಈಗಿನ ರಿಪೋರ್ಟು ಎರಡರದ್ದೂ ಫೋಟೋ ತೆಗೆದುಕೊಂಡಳು.

ನಾಳೆಯ ಆಪರೇಷನ್ನಿಗೆ ಮಾವ ಬರುವುದಿಲ್ಲವಂತೆ.

"ಇಳೀತಾ ಇರೋವಾಗ ಕೈ ಯಾಕೆ ಕುಯ್ಸ್ಕೊಬೇಕು?" ಎಂದರು. ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. "ಡಾಕ್ಟರು ಹೇಳಿದ್ದಾರಲ್ಲ ಮಾವ, ಮುಂದಕ್ಕೆ ಬೇಕಾಗುತ್ತೆ" ಎಂದೆ. "ಮುಂದಕ್ಕೆ ನೋಡೋಣ ಬಿಡಮ್ಮಾ" ಎಂದರು.

ಎಲ್ಲರೂ ಹೊರಗೆ ಹೋದ ಮೇಲೆ ಅಡುಗೆಮನೆಯಲ್ಲಿ ಇವರಿಗೆ ನಿಜ ಹೇಳಿದೆ. "ಈಗ ಹೇಳ್ಬೇಡ. ಇಷ್ಟು ಖುಷಿಯಾಗವ್ರೆ" ಎಂದರು. ಮತ್ತೆ ಯಾವಾಗ ಹೇಳುವುದು ಎಂದು ಕೇಳಿದೆ. ಮೈಸೂರ್ ಪಾಕ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟರು.

ಫೆಬ್ರವರಿ 26, ಸೋಮವಾರ

ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಎರಡನೇ ಸಲ ನಾನು ಎತ್ತಲಿಲ್ಲ.

ಮಾರ್ಚ್ 10, ಭಾನುವಾರ

ಶ್ರೀವಾಣಿ ಇವತ್ತು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅಪ್ಪನ ಎರಡು ರಿಪೋರ್ಟೂ ಪಕ್ಕಪಕ್ಕ ಇಟ್ಟು ಗ್ರೂಪಿಗೆ ಹಾಕಿದೆ ಅತ್ತಿಗೆ. ಎಷ್ಟು ಜನ ಫೋನ್ ಮಾಡಿದ್ರು ಗೊತ್ತಾ! ಯಲ್ದೂರಲ್ಲಿ ಕೋದಂಡರಾಮಪ್ಪ ಅಂತ, ಮಾವಿನ ತೋಟದೋರು, ಅಪ್ಪನ ಥರಾನೇ ಕೇಸು. ಡಯಾಲಿಸಿಸ್ ಶುರು ಮಾಡ್ಬೇಕು ಅಂದಿದ್ರಂತೆ. ಬೇಡ ಅಂತ ಪುಡಿ ಶುರು ಮಾಡವ್ರೆ. ದಿನಕ್ಕೆ ಎರಡು ಚಮಚ ಹೇಳಿದೀನಿ."

ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. "ಅವರ ಪೊಟ್ಯಾಷಿಯಂ ಎಷ್ಟಿದೆ?" ಎಂದು ಕೇಳಿದೆ. ಅದೆಲ್ಲ ಅವಳಿಗೆ ಗೊತ್ತಿಲ್ಲ. "ನಿಲ್ಲಿಸೋಕೆ ಹೇಳು ವಾಣಿ" ಎಂದೆ. ಅವಳು ನನ್ನನ್ನು ಮಗುವನ್ನು ನೋಡುವಂತೆ ನೋಡಿ, "ಕಣ್ಣೆದುರಿಗೇ ಅಪ್ಪ ಇದ್ರೂ ನಂಬಿಕೆ ಬರಲ್ವಾ ನಿಮ್ಗೆ?" ಎಂದಳು.

ಮಾವ ಹಜಾರದಲ್ಲಿ ಟಿ.ವಿ. ನೋಡುತ್ತಾ ನಗುತ್ತಿದ್ದರು.

ಮಾರ್ಚ್ 13, ಬುಧವಾರ

ಶ್ರೀವಾಣಿಯ ಫೋನಿನಿಂದ ಅವತ್ತೇ ಕೋದಂಡರಾಮಪ್ಪನವರ ನಂಬರು ಬರೆದುಕೊಂಡಿದ್ದೆ. ಮೂರು ದಿನ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ತಿರುಗಾಡಿದೆ. ಇವತ್ತು ಊಟದ ಹೊತ್ತಿನಲ್ಲಿ ಲ್ಯಾಬಿನ ಹಿಂದೆ ನಿಂತು ಫೋನ್ ಮಾಡಿದೆ. ಅವರ ಹೆಂಡತಿ ಶಾಮಲಮ್ಮ ಎತ್ತಿದರು.

"ಅಮ್ಮಾ, ನಾನು ಮುಳಬಾಗಿಲಿಂದ. ಶ್ರೀವಾಣಿ ಅತ್ತಿಗೆ. ಆ ಪುಡಿ ಕೊಡಬೇಡಿ ನಿಮ್ಮೋರಿಗೆ."

"ಅದ್ಯಾಕಮ್ಮಾ? ನಿಮ್ ಮಾವಂಗೇ ಗುಣ ಆಯ್ತಲ್ಲ. ರಿಪೋರ್ಟು ನೋಡಿದ್ವಲ್ಲ. ಕೆಳಗಡೆ ನಿಮ್ದೇ ಸೈನ್ ಐತಂತೆ, ವಾಣಿ ಹೇಳಿದ್ಲು."

ಆಗ ಹೇಳಬೇಕಿತ್ತು. ಒಂದೇ ವಾಕ್ಯ. ರಿಪೋರ್ಟು ಇಳಿದಾಗ ನನ್ನ ಮಾವ ಅದನ್ನು ಕುಡಿಯುತ್ತಲೇ ಇರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಈ ಅಮ್ಮ ಶ್ರೀವಾಣಿಗೆ ಹೇಳುತ್ತಾರೆ, ಶ್ರೀವಾಣಿ ಮಾವನಿಗೆ ಹೇಳುತ್ತಾಳೆ. ಅಷ್ಟರಲ್ಲಿ ಅವರು, "ನಮ್ಮೋರ್ಗೆ ಕುಡಿಯೋಕೆ ಆಗಲ್ಲಮ್ಮಾ, ವಾಂತಿ ಬತ್ತದೆ. ಆದ್ರೂ ನಿಮ್ ಮಾವ ಕುಡೀತಾರಲ್ಲ ಅಂತ ಹೇಳಿ ಹೇಳಿ ಕುಡಿಸ್ತೀನಿ" ಎಂದರು.

"ಡಾಕ್ಟರನ್ನ ಒಂದ್ಸಲ ಕೇಳಿ ಕೊಡಿ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ತಂದಿದ್ದೇನೆ.

ಮಾರ್ಚ್ 14

ಬೆಳಿಗ್ಗೆ ಪುಡಿಯ ಡಬ್ಬ ಎತ್ತಿಕೊಳ್ಳುವಾಗ ಶಾಮಲಮ್ಮನ ಮಾತು ನೆನಪಾಯಿತು. ಆದರೂ ಕದಡಿದೆ.

ಮಾರ್ಚ್ 22, ಶುಕ್ರವಾರ

ಕೋದಂಡರಾಮಪ್ಪನವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದಾರೆ. ತೋಟದಲ್ಲಿ ಮರದ ಬುಡದಲ್ಲೇ ಬಿದ್ದಿದ್ದರಂತೆ. ಪೊಟ್ಯಾಷಿಯಂ ಏಳು ದಾಟಿತ್ತಂತೆ. ಕುತ್ತಿಗೆಗೆ ಟ್ಯೂಬ್ ಹಾಕಿ ಡಯಾಲಿಸಿಸ್ ಮಾಡುತ್ತಿದ್ದಾರೆ. ಇಷ್ಟನ್ನು ಶ್ರೀವಾಣಿ ಫೋನಿನಲ್ಲಿ ಹೇಳಲು ಹತ್ತು ನಿಮಿಷ ಬೇಕಾಯಿತು.

ಪುಡಿಯಿಂದಲೇ ಆಯಿತೋ, ಡಯಾಲಿಸಿಸ್ ಮುಂದೂಡಿದ್ದರಿಂದ ಆಯಿತೋ, ಹೇಗೂ ಆಗುತ್ತಿತ್ತೋ. ಯಾವ ಮೆಷಿನ್ನೂ ಅದನ್ನು ಹೇಳುವುದಿಲ್ಲ. ನನಗೆ ಗೊತ್ತಿರುವುದು ಒಂದೇ. ಮಾರ್ಚ್ 13ಕ್ಕೆ ನನ್ನ ಬಾಯಲ್ಲಿ ಒಂದು ವಾಕ್ಯ ಇತ್ತು.

ಮಾರ್ಚ್ 24, ಭಾನುವಾರ

ಹೇಳಿದೆ.

ಶ್ರೀವಾಣಿ ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದಳು. ಚಪ್ಪಲಿ ಬಿಡದೆ ಹಜಾರದಲ್ಲಿ ಕುಸಿದು ಕೂತಳು. "ಶಾಮಲಮ್ಮ ನನ್ನ ಮುಖ ನೋಡ್ಲಿಲ್ಲ ಅತ್ತಿಗೆ. ಅಪ್ಪನಿಗೆ ಕೆಲಸ ಮಾಡಿದ್ದು ಅವ್ರಿಗ್ಯಾಕೆ ಮಾಡ್ಲಿಲ್ಲ? ನಾನೇನಾದ್ರೂ ಲೆಕ್ಕ ತಪ್ಪಿ ಹೇಳಿದ್ನಾ?" ಎಂದು ಅದನ್ನೇ ಕೇಳುತ್ತಿದ್ದಳು. ಮಾವ ಅವಳ ತಲೆ ಸವರುತ್ತಾ ಪಕ್ಕದಲ್ಲಿದ್ದರು. ಇವರು ಬಾಗಿಲಲ್ಲಿ ನಿಂತಿದ್ದರು.

"ಜನವರಿ ಕೊನೆಯಿಂದ ಅಪ್ಪ ಅದನ್ನ ಕುಡೀಲೇ ಇಲ್ಲ ವಾಣಿ" ಎಂದೆ.

ಒಳಗೆ ಹೋಗಿ ಡ್ರಮ್ಮಿನ ಹಿಂದಿನ ಡಬ್ಬಿ ತಂದು ಅವಳ ಮುಂದೆ ಇಟ್ಟೆ. ಅವಳು ಆಮೇಲೆ ತಂದುಕೊಟ್ಟಿದ್ದ ಎರಡು ಡಬ್ಬಗಳ ಪುಡಿಯೂ ಅದರಲ್ಲೇ ಇತ್ತು. ಅವಳು ಮುಚ್ಚಳ ತೆಗೆದಳು. ವಾಸನೆ ಹಜಾರವನ್ನೆಲ್ಲ ತುಂಬಿತು.

ಮೊದಲು ಮಾತಾಡಿದ್ದು ಮಾವ. "ಹಂಗಾದ್ರೆ ನಾನು ಕುಡ್ದಿದ್ದೇನು?"

"ಅಕ್ಕಿ ಹಿಟ್ಟು ಮಾವ. ಮೆಂತ್ಯ. ಬಣ್ಣ."

"ಬಣ್ಣ?"

"ತಿನ್ನೋ ಬಣ್ಣ."

"ಎರಡು ತಿಂಗ್ಳು ಮೂಗು ಮುಚ್ಕೊಂಡು ಅಕ್ಕಿ ಹಿಟ್ಟು ಕುಡ್ದೆ" ಎಂದರು. ನಗುತ್ತಾರೇನೋ ಅನ್ನಿಸಿತು. ನಗಲಿಲ್ಲ. ಶ್ರೀವಾಣಿ ಬೈಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಡಬ್ಬಿಯನ್ನು ಎದೆಗವಚಿಕೊಂಡು, "ನಲವತ್ತು ಜನಕ್ಕೆ ಹೇಳಿದೀನಿ ಅತ್ತಿಗೆ. ಹೆಸರು ಹೇಳಿ ಹೇಳಿ ಕೊಟ್ಟಿದೀನಿ, ನಮ್ಮಪ್ಪ ಅಂತ" ಎಂದಳು, ಅಷ್ಟೇ.

ಮಾವ ಎದ್ದು ದೇವರ ಮನೆಯಿಂದ ಆ ರಿಪೋರ್ಟು ತಂದು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದರು.

ಮಾರ್ಚ್ 27, ಬುಧವಾರ

ಮಾವ ನನ್ನ ಕೈಯ ಊಟ ಮಾಡುತ್ತಿಲ್ಲ. ಜಗಳವಿಲ್ಲ, ಕೋಪವಿಲ್ಲ. ನಾನು ಅಡುಗೆ ಮುಗಿಸಿ ಹೊರಗೆ ಬಂದ ಮೇಲೆ ತಾವೇ ಹೋಗಿ ಒಲೆ ಹಚ್ಚಿ ಸಣ್ಣ ಮುದ್ದೆ ಮಾಡಿಕೊಳ್ಳುತ್ತಾರೆ. ಕುಡಿಯುವ ನೀರನ್ನೂ ತಾವೇ ಹಿಡಿದಿಟ್ಟುಕೊಳ್ಳುತ್ತಾರೆ. ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಂಡು ತಿನ್ನುತ್ತಾರೆ. ಉಪ್ಪು ಅವರಿಗೆ ವಿಷ. ಅದನ್ನು ಹೇಳುವ ಬಾಯಿ ಇನ್ನು ನನ್ನದಲ್ಲ.

ಇವರಿಂದ ಹೇಳಿಸಿದೆ. "ಅಪ್ಪ, ಉಪ್ಪಿನಕಾಯಿ ಬೇಡ" ಎಂದು ಇವರು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಏಪ್ರಿಲ್ 2, ಮಂಗಳವಾರ

ರಕ್ತ ಪರೀಕ್ಷೆಗೆ ಮಾವ ನಮ್ಮ ಲ್ಯಾಬಿಗೆ ಬರಲಿಲ್ಲ. ಎದುರು ರಸ್ತೆಯ ಲ್ಯಾಬಿನ ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ನೋಡಿದೆ. ಕಾಲು ಊದಿಕೊಂಡಿದೆ, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದರು. ಹೋಗಿ ಕೈ ಹಿಡಿಯಬೇಕು ಅನ್ನಿಸಿತು. ಒಬ್ಬರ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಹಿಡಿದುಕೊಂಡಿದ್ದೆ.

ಎಷ್ಟು ಬಂತೋ, ನಾನು ಕೇಳಲಿಲ್ಲ.

ಏಪ್ರಿಲ್ 5, ಶುಕ್ರವಾರ

ಬೆಳಿಗ್ಗೆ ಮಾವ ಇವರನ್ನು ಕರೆದು, "ಆಪರೇಷನ್ನಿಗೆ ದಿನ ಕೇಳು" ಎಂದರು. ಇವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಎರಡು ಸಲ ಕೇಳಿದರು.

"ಹೂಂ ಕಣೋ ಅಮರ. ಇನ್ನು ಮಿಷಿನ್ನೇ ವಾಸಿ. ಅದಕ್ಕೆ ಸುಳ್ಳು ಹೇಳಾಕೆ ಬರಲ್ಲ."

ನಾನು ಅಡುಗೆಮನೆಯಲ್ಲಿದ್ದೆ. ನನಗೆ ಕೇಳಲಿ ಎಂದು ಹೇಳಿದ್ದಲ್ಲ. ಹಾಗೆ ಮಾಡುವ ಮನುಷ್ಯ ಅವರಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಏಪ್ರಿಲ್ 9, ಯುಗಾದಿ

ಮಾವ ಬೇವು ಬೆಲ್ಲವನ್ನು ಇವರ ಕೈಯಿಂದ ತೆಗೆದುಕೊಂಡರು.

ಏಪ್ರಿಲ್ 17, ಬುಧವಾರ

ನಿನ್ನೆ ಕೋಲಾರದಲ್ಲಿ ಆಪರೇಷನ್ ಆಯಿತು. ಇವತ್ತು ಮನೆಗೆ ಕರೆತಂದೆವು. ಕೈಯಲ್ಲಿ ಹಾಕಿದ್ದು ದಪ್ಪವಾಗುವವರೆಗೆ ಕಾಯುವಷ್ಟು ಪುರಸೊತ್ತು ಈಗ ಇಲ್ಲ. ಮುಂದಿನ ವಾರದಿಂದ ಮಾವನಿಗೂ ಕುತ್ತಿಗೆಯಲ್ಲಿ ಟ್ಯೂಬ್ ಹಾಕಿ ಡಯಾಲಿಸಿಸ್ ಶುರು ಮಾಡುತ್ತಾರೆ. ಫೆಬ್ರವರಿಯಲ್ಲಿ ಬಂದಿದ್ದರೆ ಇದು ಬೇಕಿರಲಿಲ್ಲ ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದರು.

ಅದೇ ವಾರ್ಡಿನಲ್ಲಿ ಕೋದಂಡರಾಮಪ್ಪನವರು ಸಿಕ್ಕರು. ಡಯಾಲಿಸಿಸ್ಸಿಗೆ ವಾರಕ್ಕೆ ಮೂರು ಸಲ ಬರುತ್ತಾರೆ. ಬಹಳ ಇಳಿದುಹೋಗಿದ್ದಾರೆ, ಆದರೆ ಇದ್ದಾರೆ. ನಾನೇ ಹೋಗಿ ಹೆಸರು ಹೇಳಿಕೊಂಡು, ನಡೆದದ್ದನ್ನು ಹೇಳಿ ಕೈ ಮುಗಿದೆ. ಅವರು ಕಣ್ಣು ಮುಚ್ಚಿಕೊಂಡರು. "ಹೋಗಿ ಬಾಮ್ಮಾ" ಎಂದದ್ದು ಶಾಮಲಮ್ಮ. ಆ ದನಿಯಲ್ಲಿ ಏನಿತ್ತೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಮನೆಯಲ್ಲಿ ಮಾವನ ಎಡಗೈಗೆ ಬ್ಯಾಂಡೇಜು. ಮುದ್ದೆ ಮಾಡಿಕೊಳ್ಳಲು ಆಗುವುದಿಲ್ಲ. ನಾನು ಗಂಜಿ ಮಾಡಿ ಹತ್ತಿರ ಇಟ್ಟೆ. ಚಮಚ ಎತ್ತಿದರು. ಅರ್ಧಕ್ಕೆ ನಿಲ್ಲಿಸಿದರು. ಮತ್ತೆ ಎತ್ತಿದರು. ಆಗಲಿಲ್ಲ.

"ನಿನ್ ಮೇಲೆ ಕೋಪ ಇಲ್ಲಮ್ಮಾ" ಎಂದರು. ಕಣ್ಣಲ್ಲಿ ನೀರಿತ್ತು. "ನನ್ ಒಳ್ಳೇದಕ್ಕೇ ಮಾಡ್ದೆ. ಗೊತ್ತು. ಆದ್ರೆ ಕೈ ಬಾಯಿಗೆ ಹೋಗಲ್ಲ. ಏನ್ ಮಾಡ್ಲಿ?"

"ಪರವಾಗಿಲ್ಲ ಮಾವ" ಎಂದು ಬಟ್ಟಲು ಎತ್ತಿಕೊಂಡು ಬಂದೆ. ವಾಣಿಗೆ ಫೋನ್ ಮಾಡಿ ಬಾ ಎಂದೆ. ಯಾಕೆಂದು ಅವಳು ಕೇಳಲಿಲ್ಲ.

ಏಪ್ರಿಲ್ 21, ಭಾನುವಾರ

ವಾಣಿ ಬಟ್ಟೆ ತುಂಬಿಕೊಂಡು ಬಂದಿದ್ದಾಳೆ, ಒಂದು ತಿಂಗಳು ಇರುತ್ತಾಳೆ. ಬ್ಯಾಡ್ಜು ಇಲ್ಲ. ನಲವತ್ತು ಜನರಲ್ಲಿ ಇಪ್ಪತ್ತಾರು ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿ ಬಂದಿದ್ದಾಳಂತೆ. ಕೆಲವರು ಬೈದರಂತೆ. ಒಬ್ಬಾಕೆ ಮಾತ್ರ, ನನಗೆ ಅದರಿಂದಲೇ ಮಂಡಿ ನೋವು ಹೋಗಿದೆ, ಇನ್ನೊಂದು ಡಬ್ಬ ಕೊಡು ಎಂದು ಬಿಡದೆ ಕೂತಳಂತೆ. ಅದನ್ನು ಹೇಳುವಾಗ ಅವಳು ನಕ್ಕಳು, ನಾನೂ ನಕ್ಕೆ. ಇಬ್ಬರಿಗೂ ಬೇಗ ನಿಂತುಹೋಯಿತು.

ಇವತ್ತು ಅಡುಗೆ ಅವಳದು. ನಾನು ಹೊಸಿಲಿನ ಆಚೆ ನಿಂತಿದ್ದೆ. ಸೊಪ್ಪು ಬೇಯಿಸಿ ನೀರು ಬಸಿಯಬೇಕು, ತೊಗರಿಬೇಳೆ ಕಡಿಮೆ, ಟೊಮೆಟೊ ಬೇಡ ಎಂದೆಲ್ಲ ಬಾಯಿಗೆ ಬರುತ್ತಿತ್ತು. ಒಂದನ್ನೂ ಹೇಳಲಿಲ್ಲ. ವಾಣಿ ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

ಹಜಾರದಿಂದ ಮಾವನ ದನಿ ಬಂತು. "ವಾಣೀ, ಉಪ್ಪು ನಿನ್ ಇಷ್ಟಕ್ಕೆ ಹಾಕ್ಬೇಡ. ಎಷ್ಟು ಅಂತ ನಿಮ್ ಅತ್ತಿಗೇನ ಕೇಳಿ ಹಾಕು."

ವಾಣಿ ಚಿಟಿಕೆಯನ್ನು ಹಾಗೇ ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು.

"ಇಷ್ಟಾ ಅತ್ತಿಗೆ?"

"ಇನ್ನೂ ಕಮ್ಮಿ" ಎಂದೆ.